ಬರೆದದ್ದು ನಮ್ಮದು, ಇಟ್ಟ ಜಾಗ ಯಾರದು?

2024ರ ಜುಲೈ ಮೊದಲ ವಾರದಲ್ಲಿ ‘ಕೂ’ ಎಂಬ ಸಾಮಾಜಿಕ ಜಾಲತಾಣ ಮುಚ್ಚುತ್ತಿದೆ ಎಂಬ ಸುದ್ದಿ ಬಂತು. ಹೂಡಿಕೆ ಸಾಲಲಿಲ್ಲ, ಬೇರೆ ಕಂಪನಿಗಳೊಂದಿಗೆ ನಡೆದ ಮಾತುಕತೆ ಕೈಗೂಡಲಿಲ್ಲ ಎಂದು ವರದಿಗಳು ಹೇಳಿದವು. ಹೆಚ್ಚಿನವರು ಅದನ್ನು ಒಂದು ನವೋದ್ಯಮದ ಸೋಲು ಎಂದು ಓದಿ ಮುಂದೆ ಹೋದರು. ನನಗೆ ಹತ್ತಿದ ಚಿಂತೆ ಬೇರೆ. ಬೆಂಗಳೂರಿನಲ್ಲಿ ಹುಟ್ಟಿದ ಆ ತಾಣ 2020ರಲ್ಲಿ ಮೊದಲು ತೆರೆದುಕೊಂಡದ್ದು ಕನ್ನಡದಲ್ಲಿ. ಉಳಿದ ಭಾಷೆಗಳು ಆಮೇಲೆ ಬಂದವು. ಇಂಗ್ಲಿಷಿನ ಹಂಗಿಲ್ಲದೆ ಬರೆಯುವ ಜಾಗ ಸಿಕ್ಕಿತೆಂದು ನಂಬಿ ಅಲ್ಲಿ ದಿನವೂ ಬರೆದವರಿದ್ದರು. ಅಡಿಕೆ ಕೊಳೆರೋಗದ ಬಗ್ಗೆ ಬರೆಯುವ ಕೃಷಿಕರು, ಬೆಳಿಗ್ಗೆ ಎದ್ದ ಕೂಡಲೇ ಒಂದು ಚುಟುಕ ಹಾಕುವ ಶಿಕ್ಷಕರು, ಹಳೆಯ ಸಿನಿಮಾ ಹಾಡುಗಳ ರಾಗ ಬಿಡಿಸಿ ಹೇಳುವವರು. ಆ ಬರಹಗಳು ಈಗ ಎಲ್ಲಿವೆ ಎಂದು ಕೇಳಿದರೆ ಉತ್ತರ ಸರಳ. ಬರೆದವರು ಬೇರೆ ಕಡೆ ಎತ್ತಿಟ್ಟುಕೊಂಡಿದ್ದರೆ ಇವೆ, ಇಲ್ಲದಿದ್ದರೆ ಇಲ್ಲ.

ಇಂಥದ್ದು ಇದೇ ಮೊದಲಲ್ಲ. 2009ರ ಅಕ್ಟೋಬರ್‌ನಲ್ಲಿ ಜನ ತಮ್ಮದೇ ಪುಟಗಳನ್ನು ಮಾಡಿಕೊಳ್ಳುತ್ತಿದ್ದ ಜಿಯೋಸಿಟೀಸ್ ತಾಣವನ್ನು ಯಾಹೂ ಮುಚ್ಚಿತು. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಎಂಬ ಸಾಮಾಜಿಕ ಜಾಲತಾಣ ಹೋಯಿತು. ನಮ್ಮ ತಲೆಮಾರಿನ ಎಷ್ಟೋ ಜನ ಕಂಪ್ಯೂಟರಿನಲ್ಲಿ ಮೊದಲ ಸಲ ಕನ್ನಡ ಅಕ್ಷರ ಒತ್ತಿದ್ದು ಅಲ್ಲಿನ ಸಮುದಾಯಗಳಲ್ಲಿ. 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್, 2020ರ ಡಿಸೆಂಬರ್‌ನಲ್ಲಿ ಯಾಹೂ ಗ್ರೂಪ್ಸ್. ನಡುವೆ 2020ರ ಜೂನ್ 29ರಂದು ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಟಿಕ್‌ಟಾಕ್ ಇತ್ತು. ಆ ತೀರ್ಮಾನ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಹಳ್ಳಿಯ ಗಂಡು ಹೆಣ್ಣುಗಳು ತಮ್ಮ ಹಾಡು, ತಮ್ಮ ಕುಣಿತ, ತಮ್ಮ ಮಾತಿನ ಲಯ ಇಟ್ಟಿದ್ದ ಜಾಗಕ್ಕೆ ರಾತ್ರೋರಾತ್ರಿ ಬೀಗ ಬಿತ್ತು ಎಂಬುದಂತೂ ನಿಜ.

ತಾಣಗಳು ಮುಚ್ಚುವುದು ಒಂದು ನಷ್ಟ. ಅವು ತೆರೆದಿರುವಾಗಲೇ ನಮ್ಮ ಬರವಣಿಗೆಗೆ ಏನಾಯಿತು ಎಂಬುದು ಇನ್ನೊಂದು. ಎರಡನೆಯದರ ಬಗ್ಗೆ ನಾವು ಕಡಿಮೆ ಮಾತಾಡುತ್ತೇವೆ, ನನಗೆ ಹೆಚ್ಚು ನೋವು ತರುವುದು ಅದೇ.

ಫೇಸ್‌ಬುಕ್ಕಿಗೆ ಲೈಕ್ ಗುಂಡಿ ಬಂದದ್ದು 2009ರ ಫೆಬ್ರುವರಿಯಲ್ಲಿ. 2016ರಲ್ಲಿ ಅದರ ಪಕ್ಕಕ್ಕೆ ನಗುವ, ಅಳುವ, ಸಿಟ್ಟಾಗುವ ಮುಖಗಳು ಬಂದವು. ಕಂಪನಿಯ ಒಳಗಿನ ದಾಖಲೆಗಳು 2021ರಲ್ಲಿ ಹೊರಬಿದ್ದಾಗ ಒಂದು ವಿಷಯ ತಿಳಿಯಿತು. ಯಾವ ಬರಹವನ್ನು ಯಾರಿಗೆ ತೋರಿಸಬೇಕೆಂದು ಲೆಕ್ಕ ಹಾಕುವ ಯಂತ್ರ 2017ರಿಂದ ಆ ಮುಖಗಳಿಗೆ ಒಂದು ಲೈಕಿನ ಐದು ಪಟ್ಟು ತೂಕ ಕೊಡುತ್ತಿತ್ತು. ಸಿಟ್ಟಿನ ಮುಖಕ್ಕೂ ಅದೇ ತೂಕ. 2018ರ ಜನವರಿಯಲ್ಲಿ ಇನ್ನೊಂದು ಬದಲಾವಣೆ ಘೋಷಿಸಿದರು. ಜನ ಪರಸ್ಪರ ಮಾತಿಗಿಳಿಯುವಂತೆ ಮಾಡುವ ಬರಹಗಳಿಗೆ ಇನ್ನು ಮೇಲೆ ಮೊದಲ ಮಣೆ ಎಂದರು. ಕೇಳಲು ಒಳ್ಳೆಯ ಮಾತು. ಆದರೆ ಕನ್ನಡದಲ್ಲಿ ಯಾವ ಬರಹದ ಕೆಳಗೆ ಇನ್ನೂರು ಪ್ರತಿಕ್ರಿಯೆ ಬೀಳುತ್ತವೆ ಎಂಬುದು ನಮಗೆಲ್ಲ ಗೊತ್ತಿದೆ. ಜಾತಿಯ ಹೆಸರು ಎತ್ತಿದ್ದಕ್ಕೆ, ಒಬ್ಬ ಸಾಹಿತಿಯನ್ನು ಹಳಿದದ್ದಕ್ಕೆ, ಮತ್ತೊಬ್ಬರ ಊಟದ ತಟ್ಟೆಗೆ ಕೈ ಹಾಕಿದ್ದಕ್ಕೆ. ಹಳಗನ್ನಡದ ಒಂದು ಪದ್ಯವನ್ನು ನಿಧಾನವಾಗಿ ಬಿಡಿಸಿ ಹೇಳಿದ ಬರಹಕ್ಕೆ ಇನ್ನೂರು ಪ್ರತಿಕ್ರಿಯೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅದನ್ನು ಓದಿದವರು ಸುಮ್ಮನೆ ಕುಳಿತು ಯೋಚಿಸುತ್ತಾರೆ. ಆ ಸುಮ್ಮನಿರುವಿಕೆ ಯಂತ್ರದ ಲೆಕ್ಕಕ್ಕೆ ಸಿಗುವುದಿಲ್ಲ.

ಸಂತೆಯಲ್ಲಿ ನಿಂತು ಕೂಗುವವನಿಗೆ ಪಕ್ಕದವನಿಗಿಂತ ಒಂದು ಸ್ವರ ಮೇಲೇರಿಸದೆ ಗತಿಯಿಲ್ಲ. ನಮ್ಮ ಗದ್ಯಕ್ಕೆ ಆದದ್ದು ಇದೇ. ಮೊದಲ ಸಾಲಿನಲ್ಲೇ ಓದುಗರ ಕೊರಳಪಟ್ಟಿ ಹಿಡಿಯಬೇಕು, ಏಕೆಂದರೆ ಮೂರನೆಯ ಸಾಲಿನ ಹೊತ್ತಿಗೆ ‘ಇನ್ನಷ್ಟು ಓದಿ’ ಎಂಬ ಗೆರೆ ಬರುತ್ತದೆ, ಅದನ್ನು ಒತ್ತುವವರು ಕಡಿಮೆ. ಹೀಗಾಗಿ ವಾದ ಬೆಳೆಯುವ ಬದಲು ತೀರ್ಪು ಮೊದಲು ಬರುತ್ತದೆ. ‘ಇದ್ದಿರಬಹುದು’, ‘ನನಗೆ ತೋಚಿದಂತೆ’, ‘ಇನ್ನೊಂದು ಮಗ್ಗುಲೂ ಇದೆ’ ಎಂಬ ಮಾತುಗಳು ಮೆಲ್ಲಗೆ ಕಾಣೆಯಾಗುತ್ತವೆ. ಹತ್ತು ವರ್ಷದ ಹಿಂದೆ ಎರಡು ಪುಟದ ಪ್ರಬಂಧವನ್ನು ಏರುತಗ್ಗುಗಳೊಂದಿಗೆ ಬರೆಯಬಲ್ಲವರಾಗಿದ್ದ ಎಷ್ಟೋ ಜನ ಈಗ ಒಂದೊಂದು ವಾಕ್ಯಕ್ಕೂ ಒಂದೊಂದು ಪ್ಯಾರಾ ಮಾಡಿ, ಪ್ರತಿ ಪ್ಯಾರಾದಲ್ಲೂ ಗುದ್ದಿ ಬರೆಯುತ್ತಾರೆ. ಅವರ ಪ್ರತಿಭೆ ಕುಂದಿಲ್ಲ. ಅವರು ಬರೆಯುವ ಜಾಗ ಅವರ ಕೈಯನ್ನು ತಿದ್ದಿದೆ.

ಒಬ್ಬ ಹಿರಿಯ ಲೇಖಕರು ತೀರಿಕೊಂಡ ದಿನವನ್ನು ನೋಡಿ. ಸುದ್ದಿ ಬಂದ ಗಂಟೆಯೊಳಗೆ ನಮ್ಮ ಜಾಲತಾಣಗಳೆಲ್ಲ ಅವರ ಚಿತ್ರಗಳಿಂದ ತುಂಬಿಹೋಗುತ್ತವೆ. ಚಿತ್ರದಲ್ಲಿ ಅವರ ಪಕ್ಕ ನಿಂತಿರುವವರು ಬರಹ ಹಾಕಿದವರು. ಯಾವ ಸಮಾರಂಭದಲ್ಲಿ ಭೇಟಿಯಾದೆ, ಅವರು ನನ್ನ ಕವಿತೆಯ ಬಗ್ಗೆ ಏನೆಂದರು, ಹೆಗಲ ಮೇಲೆ ಹೇಗೆ ಕೈಯಿಟ್ಟರು. ದುಃಖ ಸುಳ್ಳೆಂದು ನಾನು ಹೇಳುವುದಿಲ್ಲ. ಬಹುಪಾಲು ನಿಜವಾದ ದುಃಖವೇ. ಆದರೆ ಆ ದಿನದ ಅಷ್ಟೂ ಬರಹಗಳನ್ನು ಓದಿ ಮುಗಿಸಿದ ಮೇಲೆ, ಸತ್ತವರು ಏನು ಬರೆದರು, ಯಾವ ಪುಸ್ತಕ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು, ಕನ್ನಡ ಕತೆಯ ದಾರಿಯನ್ನು ಅವರು ಎಲ್ಲಿ ಹೊರಳಿಸಿದರು ಎಂಬುದು ಒಂದೆರಡು ಕಡೆ ಮಾತ್ರ ಸಿಗುತ್ತದೆ. ಅವು ಕೂಡ ಮರುದಿನ ಹೊತ್ತಿಗೆ ಕೆಳಗೆ ಜಾರಿಹೋಗಿರುತ್ತವೆ.

ಪುಸ್ತಕ ವಿಮರ್ಶೆಯ ಗತಿಯೂ ಇದೇ. ಹೊಸ ಪುಸ್ತಕದ ಮುಖಪುಟ ಹಿಡಿದು ಒಂದು ಚಿತ್ರ, ಲೇಖಕರ ಹೆಸರಿಗೆ ಕೊಂಡಿ, ‘ಕೈ ಸೇರಿತು, ಅಭಿನಂದನೆಗಳು’ ಎಂಬ ಒಂದು ಸಾಲು. ಓದಿದ ಮೇಲೆ ಬರೆಯುತ್ತೇನೆ ಎಂಬ ಭರವಸೆ. ಆ ಬರಹ ಬರುವುದು ಅಪರೂಪ. ಬಂದರೂ ಲೇಖಕರು ಮತ್ತು ಅವರ ಬಳಗದವರೆಲ್ಲ ನೋಡುತ್ತಿದ್ದಾರೆಂಬ ಅರಿವಿನಲ್ಲಿ ಬರೆದದ್ದಾಗಿರುತ್ತದೆ. ಮೆಚ್ಚದೆ ಇದ್ದದ್ದನ್ನು ಮೆಚ್ಚಲಿಲ್ಲ ಎಂದು ಹೇಳಲು ಬೇಕಾದ ದೂರವೇ ಅಲ್ಲಿಲ್ಲ. ಒಂದು ಭಾಷೆಯ ಸಾಹಿತ್ಯಕ್ಕೆ ಇದರಿಂದಾಗುವ ಹಾನಿಯನ್ನು ಹಗುರವಾಗಿ ತೆಗೆದುಕೊಳ್ಳಲು ನನ್ನಿಂದಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಒಪ್ಪಬೇಕು. ಸಂಪಾದಕರ ಕೃಪೆಗೆ ಕಾಯದೆ, ರಾಜಧಾನಿಯ ನಂಟಿಲ್ಲದೆ, ಕೈಯಲ್ಲಿರುವ ಮೊಬೈಲಿನಿಂದಲೇ ಬರೆದು ಸಾವಿರಾರು ಜನರನ್ನು ತಲುಪಿದ ಹೆಣ್ಣುಮಕ್ಕಳು, ದಲಿತ ಬರಹಗಾರರು, ಗಡಿನಾಡ ಕನ್ನಡಿಗರು ಇದ್ದಾರೆ. ಅವರಿಗೆ ಹಳೆಯ ಪತ್ರಿಕೆಗಳ ಬಾಗಿಲು ತೆರೆದಿರಲಿಲ್ಲ. ಜಾಲತಾಣಗಳನ್ನು ಬಿಟ್ಟು ಹೊರಬನ್ನಿ ಎಂದು ಅವರಿಗೆ ಉಪದೇಶಿಸುವ ಹಕ್ಕು ನನಗಿಲ್ಲ, ಇಷ್ಟವೂ ಇಲ್ಲ. ನನ್ನ ತಕರಾರು ಅವರ ಬರಹದ ಏಕೈಕ ಪ್ರತಿ ಅಲ್ಲೇ ಇರುವುದರ ಬಗ್ಗೆ. ಇದು ಬರೀ ಸಿದ್ಧಾಂತದ ಮಾತಲ್ಲ ಎಂದು ನನಗೆ ಮನವರಿಕೆ ಮಾಡಿಕೊಟ್ಟದ್ದು ಮಳೆ ನಕ್ಷತ್ರಗಳ ಒಂದು ಬರಹಮಾಲೆ.

ನನಗೆ ಪರಿಚಯದ ಒಬ್ಬ ನಿವೃತ್ತ ಶಿಕ್ಷಕರು ಮಲೆನಾಡಿನವರು. ಪ್ರತಿ ಮಳೆ ನಕ್ಷತ್ರ ಹುಟ್ಟುವ ದಿನ ಅದರ ಬಗ್ಗೆ ಒಂದು ಬರಹ ಹಾಕುವ ಪದ್ಧತಿ ಇಟ್ಟುಕೊಂಡಿದ್ದರು. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಸೂರ್ಯ ಒಂದು ನಕ್ಷತ್ರದಲ್ಲಿ ಇರುವುದು ಹದಿಮೂರು ಹದಿನಾಲ್ಕು ದಿನ, ರೈತನ ಲೆಕ್ಕದಲ್ಲಿ ಅದು ಒಂದು ಮಳೆ. ಜೂನ್ 22ರ ಆಸುಪಾಸಿಗೆ ಆರಿದ್ರ ಹಿಡಿಯುತ್ತದೆ. ‘ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ’ ಎಂಬ ಗಾದೆಯಿಂದ ಶುರು ಮಾಡಿ ತಮ್ಮ ತಂದೆಯ ಕಾಲದಲ್ಲಿ ಆ ಮಳೆಗೆ ಯಾವ ಗದ್ದೆಯಲ್ಲಿ ಏನು ಕೆಲಸ ನಡೆಯುತ್ತಿತ್ತು, ಯಾವ ಹಳ್ಳ ಮೊದಲು ತುಂಬುತ್ತಿತ್ತು, ಮನೆಯಲ್ಲಿ ಏನು ಅಡುಗೆ ಮಾಡುತ್ತಿದ್ದರು ಎಂದು ಬರೆಯುತ್ತಿದ್ದರು. ಮಾತು ಸಪ್ಪಳವಿಲ್ಲದ್ದು, ಅಲಂಕಾರವಿಲ್ಲದ್ದು.

ಅದಕ್ಕಿಂತ ಬೆಲೆಯುಳ್ಳದ್ದು ಕೆಳಗಿನ ಪ್ರತಿಕ್ರಿಯೆಗಳಲ್ಲಿ ಇತ್ತು. ರೋಹಿಣಿಯ ಬರಹಕ್ಕೆ ಬಯಲುಸೀಮೆಯಿಂದ ಒಬ್ಬರು ‘ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲ ಜೋಳ’ ಎಂದು ಬರೆದು, ತಮ್ಮ ಕಡೆ ಆ ಮಳೆಗೆ ಬಿತ್ತುವ ಕಾಳುಗಳ ಹೆಸರು ಹೇಳಿದರು. ಮಘೆಗೆ ಯಾರೋ ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು’ ಎಂದರೆ, ಕರಾವಳಿಯ ಒಬ್ಬ ಮಹಿಳೆ ತಮ್ಮಲ್ಲಿ ಅದೇ ಹೊತ್ತಿಗೆ ತುಳುವರ ಆಟಿ ತಿಂಗಳು ಮುಗಿದಿರುತ್ತದೆಂದೂ, ಆಟಿಯಲ್ಲಿ ಕಳಲೆ, ಪತ್ರೊಡೆ ಮಾಡುವುದು ಹೇಗೆಂದೂ ವಿವರಿಸಿದರು. ದುಬೈಯಿಂದ ಒಬ್ಬರು ತಮ್ಮ ಅಜ್ಜಿ ಹೇಳುತ್ತಿದ್ದ ಗಾದೆಯ ಅರ್ಧವನ್ನು ಮಾತ್ರ ನೆನಪಿಸಿಕೊಂಡರು, ಉಳಿದರ್ಧವನ್ನು ಹಾವೇರಿ ಕಡೆಯವರು ಪೂರ್ತಿ ಮಾಡಿದರು. ಯಾವ ವಿಶ್ವವಿದ್ಯಾಲಯದ ಯೋಜನೆಯೂ ಇಷ್ಟು ಸಲೀಸಾಗಿ ಇಷ್ಟು ಜಿಲ್ಲೆಗಳನ್ನು ಒಂದೆಡೆ ಕೂರಿಸಲಾರದು. ಸಾಮಾಜಿಕ ಜಾಲತಾಣ ತನ್ನ ಅತ್ಯುತ್ತಮ ಗಳಿಗೆಯಲ್ಲಿ ಏನಾಗಬಲ್ಲದು ಎಂಬುದಕ್ಕೆ ನಾನು ಕಂಡ ಸಾಕ್ಷಿ ಅದು.

ಆ ಶಿಕ್ಷಕರು ತೀರಿಕೊಂಡರು. ಕೆಲವು ತಿಂಗಳ ನಂತರ ಅವರ ಮಗಳು ಫೋನ್ ಮಾಡಿ, ಅಪ್ಪ ಬರೆದದ್ದನ್ನೆಲ್ಲ ಒಂದೆಡೆ ತರಬೇಕು, ಸಹಾಯ ಮಾಡುತ್ತೀರಾ ಎಂದು ಕೇಳಿದರು. ತಂದೆಯ ಮೊಬೈಲಿನಲ್ಲಿ ಖಾತೆ ಇನ್ನೂ ತೆರೆದೇ ಇತ್ತು. ಆ ತಾಣದ ಹೆಸರು ಇಲ್ಲಿ ಮುಖ್ಯವಲ್ಲ. ‘ನಿಮ್ಮ ಮಾಹಿತಿಯನ್ನು ಇಳಿಸಿಕೊಳ್ಳಿ’ ಎಂಬ ಸೌಲಭ್ಯ ಇತ್ತು, ಇಳಿಸಿಕೊಂಡೆವು. ಕಡತ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಪುಟಗಟ್ಟಲೆ ವಿಚಿತ್ರ ಚಿಹ್ನೆಗಳು.

ಕಾರಣ ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಗೊತ್ತುಮಾಡಿರುವ ಪದ್ಧತಿ ಯುನಿಕೋಡ್. ಅದರ ಪಠ್ಯವನ್ನು ಸಾಮಾನ್ಯವಾಗಿ ಶೇಖರಿಸಿಡುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ (ಕಂಪ್ಯೂಟರಿನ ಶೇಖರಣೆಯ ಒಂದು ಅಳತೆ), ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್. ‘ಅಮ್ಮ’ ಎಂಬಲ್ಲಿ ಅ, ಮ, ಒತ್ತಕ್ಷರ ಮಾಡುವ ಹಲಂತ ಚಿಹ್ನೆ, ಮತ್ತೆ ಮ ಎಂದು ನಾಲ್ಕು ಸಂಕೇತಗಳಿವೆ, ಒಟ್ಟು 12 ಬೈಟ್. ಆ ತಾಣದ ಕಡತವನ್ನು ತಯಾರಿಸುವ ತಂತ್ರಾಂಶ ಪ್ರತಿ ಬೈಟನ್ನೂ ಬೇರೆಯೇ ಒಂದು ಐರೋಪ್ಯ ಅಕ್ಷರವೆಂದು ಎಣಿಸಿ ಬರೆದಿಟ್ಟಿತ್ತು. ಹೀಗಾಗಿ ‘ಅಮ್ಮ’ ಹನ್ನೆರಡು ತುಂಡುಗಳಾಗಿ ಬಿದ್ದಿತ್ತು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತೊಂದರೆ ಕಾಣುವುದೇ ಇಲ್ಲ, ಏಕೆಂದರೆ ಅವರ ಅಕ್ಷರ ಒಂದೇ ಬೈಟಿನದು. ಪುಟ್ಟದೊಂದು ಪ್ರೋಗ್ರಾಂ ಬರೆದು ಬೈಟುಗಳನ್ನು ಮತ್ತೆ ಜೋಡಿಸಿದ ಮೇಲೆ ಆರಿದ್ರ ಮಳೆ ಪರದೆಯ ಮೇಲೆ ಬಂತು. ಪ್ರೋಗ್ರಾಂ ಬರೆಯಲು ಬಾರದ ಮಗಳೊಬ್ಬಳು ತಂದೆಯ ಬರಹವನ್ನು ಹೇಗೆ ಓದಬೇಕಿತ್ತು? ಕೋಟ್ಯಂತರ ಜನ ಬಳಸುವ ತಾಣವೊಂದು ಕನ್ನಡಿಗರ ಮಾತನ್ನು ಹಿಂದಿರುಗಿಸುವಾಗ ಇಷ್ಟು ಅಸಡ್ಡೆ ತೋರಿದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಅಕ್ಷರ ಸರಿಹೋದ ಮೇಲೆ ದೊಡ್ಡ ಕೊರತೆ ಕಂಡಿತು. ಕಡತದಲ್ಲಿ ಅವರ ಬರಹಗಳಿದ್ದವು, ಬೇರೆಯವರ ಬರಹಕ್ಕೆ ಅವರು ಹಾಕಿದ ಪ್ರತಿಕ್ರಿಯೆಗಳೂ ಇದ್ದವು. ಅವರ ಬರಹಗಳ ಕೆಳಗೆ ಬೇರೆಯವರು ಬರೆದದ್ದು ಇರಲಿಲ್ಲ. ತಾಣದ ದೃಷ್ಟಿಯಿಂದ ಅದು ಅವರ ಮಾಹಿತಿಯಲ್ಲ, ಇತರರದು. ಆ ನಿಯಮಕ್ಕೆ ಒಂದು ನ್ಯಾಯವೂ ಇದೆ. ಆದರೆ ಫಲ ಏನು? ಓಣಿಯ ಜೋಳ ಇಲ್ಲ, ಪತ್ರೊಡೆ ಇಲ್ಲ, ಅಜ್ಜಿಯ ಗಾದೆಯ ಎರಡು ಅರ್ಧಗಳೂ ಇಲ್ಲ. ಉಳಿದದ್ದು ಒಬ್ಬರೇ ಮಾತಾಡಿದ ಹಾಗೆ. ನಾವಿಬ್ಬರೂ ಪರದೆಯ ಮೇಲೆ ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಸುತ್ತಾ, ‘ಹಿಂದಿನ ಪ್ರತಿಕ್ರಿಯೆಗಳನ್ನು ನೋಡಿ’ ಎಂಬುದನ್ನು ಮತ್ತೆ ಮತ್ತೆ ಒತ್ತುತ್ತಾ, ಒಂದೊಂದನ್ನೇ ನಕಲಿಸಿ ಇಟ್ಟುಕೊಂಡೆವು. ಕೆಲವು ಖಾತೆಗಳೇ ಅಳಿಸಿಹೋಗಿದ್ದವು, ಅವರ ಮಾತಿಗೆ ಬಂದ ಉತ್ತರ ಮಾತ್ರ ಉಳಿದಿತ್ತು.

ಗೂಗಲ್‌ನಲ್ಲಿ ‘ಆರಿದ್ರ ಮಳೆ’ ಎಂದು ಹುಡುಕಿದರೆ ಆ ಬರಹಮಾಲೆ ಒಮ್ಮೆಯೂ ಸಿಕ್ಕಿರಲಿಲ್ಲ. ಲಾಗಿನ್ ಇಲ್ಲದೆ ಕಾಣದ ಪುಟವನ್ನು ಹುಡುಕುಯಂತ್ರ ಓದುವುದಿಲ್ಲ. ವಿಕಿಪೀಡಿಯದಲ್ಲಿ ಆಧಾರವಾಗಿ ಕೊಡಲಾಗುವುದಿಲ್ಲ. ಶಾಲೆಯ ಮಗುವೊಂದು ಮಳೆ ನಕ್ಷತ್ರಗಳ ಮೇಲೆ ಪ್ರಬಂಧ ಬರೆಯಲು ಹೊರಟರೆ ಅದರ ಕೈಗೆ ಎಟುಕುವುದಿಲ್ಲ. ಕಳೆದ ಹದಿನೈದು ವರ್ಷಗಳಲ್ಲಿ ಕನ್ನಡದಲ್ಲಿ ಬರೆದದ್ದು ಕಡಿಮೆಯಲ್ಲ. ಬಹುಶಃ ಹಿಂದಿನ ಯಾವ ಕಾಲಕ್ಕಿಂತಲೂ ಹೆಚ್ಚು ಜನ ಹೆಚ್ಚು ಪುಟ ಬರೆದಿದ್ದಾರೆ. ಆದರೂ ಅಂತರಜಾಲದಲ್ಲಿ ಕನ್ನಡ ಬಡವಾಗಿ ಕಾಣುತ್ತದೆ. ಬರೆದದ್ದು ಯಾವ ಗೋಡೆಗಳ ಒಳಗಿದೆ ಎಂದು ನೋಡಿದರೆ ಆಶ್ಚರ್ಯವಾಗುವುದಿಲ್ಲ.

ಹಿಂದೆ ಎಲ್ಲ ಚೆನ್ನಾಗಿತ್ತು ಎಂದೇನೂ ಇಲ್ಲ. ಕನ್ನಡದ ಮೊದಲ ಅಂತರಜಾಲ ಪತ್ರಿಕೆ ವಿಶ್ವಕನ್ನಡ ಬಂದದ್ದು 1996ರಲ್ಲಿ, ಕನ್ನಡ ಟೈಪಿಸುವ ‘ಬರಹ’ ಎಂಬ ತಂತ್ರಾಂಶ 1998ರಲ್ಲಿ. ಆಗ ಕಂಪ್ಯೂಟರುಗಳಲ್ಲಿ ಕನ್ನಡ ಯುನಿಕೋಡ್ ಬಳಕೆಗೆ ಬಂದಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳಲ್ಲಿ ಪುಟಗಳನ್ನು ಮಾಡುತ್ತಿದ್ದರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಂದಿನ ಪುಟಗಳನ್ನು ತಮ್ಮದೇ ಸರ್ವರಿನಲ್ಲಿ, ತಮ್ಮದೇ ಹೆಸರಿನಲ್ಲಿ ಇಟ್ಟಿದ್ದವರಿಗೂ ಇಂದು ಅವನ್ನು ಓದಲು ಪರಿವರ್ತಕ ಬೇಕು. ಜಾಗ ನಮ್ಮದಾದರೆ ಸಾಲದು, ಅಕ್ಷರ ಎಲ್ಲರದ್ದಾಗಿರಬೇಕು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಯುನಿಕೋಡ್ ಬಂದ ಮೇಲೆ ದಾರಿ ತೆರೆಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ‘ಸಂಪದ’ ಎಂಬ ಕನ್ನಡ ಸಮುದಾಯ ತಾಣ, ಅದರ ಬೆನ್ನಿಗೆ ನೂರಾರು ಬ್ಲಾಗುಗಳು. ಆ ಕಾಲದ ಬ್ಲಾಗುಗಳ ಕೆಳಗೆ ಬಂದ ಚರ್ಚೆಗಳನ್ನು ಇವತ್ತು ತೆರೆದು ಓದಿ. ಒಬ್ಬರು ಮೂರು ಪ್ಯಾರಾ ಬರೆದು ಒಪ್ಪುವುದಿಲ್ಲ ಎನ್ನುತ್ತಾರೆ, ಲೇಖಕರು ಎರಡು ದಿನ ಬಿಟ್ಟು ನಾಲ್ಕು ಪ್ಯಾರಾದಲ್ಲಿ ಉತ್ತರಿಸುತ್ತಾರೆ. ಎರಡು ದಿನ ಬಿಟ್ಟು ಎಂಬುದನ್ನು ಗಮನಿಸಬೇಕು. ಆ ಚರ್ಚೆ ಎರಡು ದಿನ ಬದುಕಿರುತ್ತಿತ್ತು.

ಆ ವ್ಯವಸ್ಥೆಯ ಬೆನ್ನೆಲುಬು ಅಂತರಜಾಲದ ಆರ್‌ಎಸ್‌ಎಸ್ ಎಂಬ ಒಂದು ಸರಳ ತಾಂತ್ರಿಕ ಕ್ರಮ. 1999ರಲ್ಲಿ ಹುಟ್ಟಿದ್ದು, ಇಂದಿಗೂ ಕೆಲಸ ಮಾಡುತ್ತದೆ. ಹೊಸದಾಗಿ ಬರೆದದ್ದರ ಪಟ್ಟಿಯನ್ನು ಪ್ರತಿ ತಾಣವೂ ಒಂದು ಕಡತದಲ್ಲಿ ಇಡುತ್ತದೆ, ಓದುಗರು ತಮಗೆ ಬೇಕಾದವರ ಪಟ್ಟಿಗಳನ್ನು ರೀಡರ್ ಎಂಬ ತಂತ್ರಾಂಶದಲ್ಲಿ ಸೇರಿಸಿಕೊಳ್ಳುತ್ತಾರೆ. ಬರೆದವರು ಮತ್ತು ಓದುವವರ ನಡುವೆ ತೂಕ ಹಾಕುವ ಯಂತ್ರ ಇಲ್ಲ. ಬರೆದ ಕ್ರಮದಲ್ಲೇ ಬರುತ್ತದೆ. 2013ರ ಜುಲೈ 1ರಂದು ಗೂಗಲ್ ತನ್ನ ರೀಡರನ್ನು ನಿಲ್ಲಿಸಿದಾಗ ಎಷ್ಟೋ ಕನ್ನಡ ಬ್ಲಾಗುಗಳು ತಮ್ಮ ನಿಷ್ಠ ಓದುಗರನ್ನು ಕಳೆದುಕೊಂಡವು. ಕ್ರಮ ಸತ್ತಿರಲಿಲ್ಲ, ಅಭ್ಯಾಸ ಸತ್ತಿತು. ಓದುಗರು ಫೇಸ್‌ಬುಕ್ಕಿನಲ್ಲಿದ್ದಾರೆಂದು ಬರೆಯುವವರೂ ಅಲ್ಲಿಗೆ ಹೋದರು. ಮೊದಮೊದಲು ಅಲ್ಲಿ ಕೊಂಡಿ ಮಾತ್ರ ಹಾಕುತ್ತಿದ್ದರು, ಆಮೇಲೆ ಇಡೀ ಬರಹವನ್ನೇ ಹಾಕತೊಡಗಿದರು. ಹೊರಗಿನ ಕೊಂಡಿ ಇರುವ ಬರಹವನ್ನು ಹೆಚ್ಚು ಜನರಿಗೆ ತೋರಿಸುವುದರಲ್ಲಿ ಈ ತಾಣಗಳಿಗೆ ಲಾಭವಿಲ್ಲ. ಟ್ವಿಟರನ್ನು ಕೊಂಡು ಎಕ್ಸ್ ಎಂದು ಹೆಸರಿಟ್ಟ ಇಲಾನ್ ಮಸ್ಕ್, ಕೊಂಡಿಯನ್ನು ಮುಖ್ಯ ಬರಹದಲ್ಲಿ ಹಾಕದೆ ಕೆಳಗಿನ ಉತ್ತರದಲ್ಲಿ ಹಾಕಿ ಎಂದು 2024ರ ನವೆಂಬರ್‌ನಲ್ಲಿ ತಾವೇ ಹೇಳಿದರು.

ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವುದು ವಿಜಯಪುರದ ಫ. ಗು. ಹಳಕಟ್ಟಿ. ವಕೀಲರಾಗಿದ್ದ ಅವರು ಮನೆಮನೆ, ಮಠಮಠ ಅಲೆದು ತಾಡೋಲೆಗಳನ್ನು ಕೂಡಿಹಾಕಿದರು. ಪೂಜೆಯ ಜಗುಲಿಯಲ್ಲೋ ಅಟ್ಟದ ಮೇಲೋ ಇದ್ದ ವಚನಗಳನ್ನು ಅಚ್ಚಿಗೆ ತರಬೇಕೆಂದಾಗ ಬೇರೆಯವರ ಅಚ್ಚುಕೂಟವನ್ನು ನೆಚ್ಚಿಕೊಂಡರೆ ಆಗುವುದಿಲ್ಲವೆಂದು ಅವರಿಗೆ ತಿಳಿಯಿತು. ವಿಜಯಪುರದಲ್ಲೇ ಹಿತಚಿಂತಕ ಎಂಬ ಮುದ್ರಣಾಲಯ ಹಾಕಿದರು, 1926ರಲ್ಲಿ ಶಿವಾನುಭವ ಪತ್ರಿಕೆ ಶುರು ಮಾಡಿದರು. ಕೈಯಲ್ಲಿದ್ದ ಹಣವೆಲ್ಲ ಅದಕ್ಕೇ ಹೋಯಿತು. ಇಂದು ನಾವು ಓದುವ ವಚನಗಳ ದೊಡ್ಡ ಪಾಲು ನಮಗೆ ದಕ್ಕಿದ್ದು ಆ ಹಟದಿಂದ. ಪಿ. ಲಂಕೇಶ್ 1980ರಲ್ಲಿ ತಮ್ಮ ಪತ್ರಿಕೆ ಶುರು ಮಾಡಿದಾಗ ಜಾಹೀರಾತು ಬೇಡ ಎಂದರು. ಓದುಗ ಕೊಡುವ ಕಾಸಿನಲ್ಲೇ ಪತ್ರಿಕೆ ನಡೆಯಿತು. ಹಾಗೆ ನಡೆದದ್ದರಿಂದ ಓದುಗನಿಗೆ ಬೇಸರವಾಗುವ ಮಾತನ್ನೂ ಅದು ಆಡಬಹುದಿತ್ತು. ಇಬ್ಬರ ಕಾಲವೂ ಉದ್ದೇಶವೂ ಬೇರೆ. ಬರೆಯುವ ಮಾತಿನಷ್ಟೇ ಅದನ್ನು ಹೊರಡಿಸುವ ಸಾಧನವೂ ಮುಖ್ಯ ಎಂದು ಇಬ್ಬರೂ ಅರಿತಿದ್ದರು. ಅಷ್ಟು ದುಡ್ಡು, ಅಷ್ಟು ಕಷ್ಟ ಇವತ್ತು ಬೇಕಿಲ್ಲ. ತಾಣದ ವಿಳಾಸವಾಗುವ ಒಂದು ಡೊಮೇನ್ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಕನ್ನಡ ಅಕ್ಷರಗಳಲ್ಲೇ ‘.ಭಾರತ’ ಎಂದು ಕೊನೆಯಾಗುವ ವಿಳಾಸವೂ ಉಂಟು.

ನಾನು ಈಗ ಬರೆಯುವುದನ್ನು ಮೊದಲು ನನ್ನ ಕಂಪ್ಯೂಟರಿನಲ್ಲಿ ಸಾದಾ ಪಠ್ಯದ ಕಡತವಾಗಿ ಬರೆಯುತ್ತೇನೆ. ಯಾವ ತಂತ್ರಾಂಶದಲ್ಲಾದರೂ ತೆರೆಯಬಹುದಾದ ಯುನಿಕೋಡ್ ಕಡತ. ಅದು ನನ್ನ ಹೆಸರಿನ ತಾಣದಲ್ಲಿ ಮೊದಲು ಬರುತ್ತದೆ, ಆಮೇಲೆ ಬೇಕೆನಿಸಿದರೆ ಬೇರೆ ಕಡೆ ಹಂಚುತ್ತೇನೆ. 2011ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಕೂಡಿದ, ಸ್ವಂತ ತಾಣದಲ್ಲೇ ಬರೆಯಬೇಕೆನ್ನುವ ಇಂಡಿವೆಬ್ ಬಳಗದವರು ಬೆಳೆಸಿದ ಕ್ರಮ ಇದು: ಮೊದಲು ನಿಮ್ಮ ಮನೆಯಲ್ಲಿ, ಆಮೇಲೆ ಊರಲ್ಲಿ. ಪುಟ ಪ್ರಕಟವಾದ ಕೂಡಲೇ ಜಾಲಪುಟಗಳ ಪ್ರತಿಗಳನ್ನು ಕಾಪಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಅದರ ಒಂದು ಪ್ರತಿ ಉಳಿಸುತ್ತೇನೆ. ಡೊಮೇನ್ ಹೆಸರೂ ಶಾಶ್ವತವಲ್ಲ. ಹಣ ಕಟ್ಟುವುದು ನಿಂತರೆ ಅದೂ ಹೋಗುತ್ತದೆ, ಬರೆದವರು ಸತ್ತ ಮೇಲೆ ಯಾರು ಕಟ್ಟುತ್ತಾರೆ? ಅದಕ್ಕಾಗಿ ಕಡತಗಳ ಪ್ರತಿ ಮನೆಯವರಲ್ಲಿದೆ, ಎಲ್ಲಿದೆ ಎಂದು ಒಂದು ಚೀಟಿಯಲ್ಲಿ ಬರೆದೂ ಇಟ್ಟಿದ್ದೇನೆ.

ನನ್ನ ತಾಣದಲ್ಲಿ ಲೈಕ್ ಗುಂಡಿ ಇಲ್ಲ, ಎಷ್ಟು ಜನ ನೋಡಿದರೆಂಬ ಲೆಕ್ಕವೂ ಇಲ್ಲ. ಓದುವವರು ಕಡಿಮೆಯಾದರು, ಅದರಲ್ಲಿ ಅನುಮಾನವಿಲ್ಲ. ಬರೆಯುವಾಗ ಮಾತ್ರ ತಲೆಯೊಳಗೆ ಗದ್ದಲ ತಗ್ಗಿತು. ಒಂದು ವಾಕ್ಯದಲ್ಲಿ ‘ಬಹುಶಃ’ ಎಂದು ಹಾಕಬೇಕೆನಿಸಿದರೆ ಹಾಕುತ್ತೇನೆ. ಮೊದಲ ಪ್ಯಾರಾ ಮಂದವಾಗಿದ್ದರೂ ಮುಂದೆ ಓದುವವರು ಓದುತ್ತಾರೆ ಎಂಬ ಧೈರ್ಯ ಬಂದಿದೆ. ಬರಹದಲ್ಲಿ ತಪ್ಪು ಕಂಡವರು ಇಮೇಲ್ ಬರೆಯುತ್ತಾರೆ. ಆ ಪತ್ರಗಳು ಉದ್ದವಾಗಿರುತ್ತವೆ, ತಿಂಗಳ ಹಿಂದಿನ ಬರಹಕ್ಕೂ ಬರುತ್ತವೆ. ಸಾರ್ವಜನಿಕವಾಗಿ ತಿದ್ದುವಾಗ ಬರುವ ಬಿರುಸು ಅವುಗಳಲ್ಲಿ ಇರುವುದಿಲ್ಲ.

ಶಿಕ್ಷಕರ ಮಳೆ ಬರಹಗಳಿಗೆ ಅವರ ಮಗಳು ಈಗ ಒಂದು ತಾಣ ಮಾಡಿದ್ದಾರೆ. ಭರಣಿಯಿಂದ ಸ್ವಾತಿಯವರೆಗೆ ಅವರು ಬರೆದದ್ದೆಲ್ಲ ಅಲ್ಲಿದೆ, ಹುಡುಕಿದರೆ ಸಿಗುತ್ತದೆ. ಪ್ರತಿಕ್ರಿಯೆಗಳನ್ನು ಏನು ಮಾಡುವುದೆಂಬ ಪ್ರಶ್ನೆ ಬಂದಾಗ ನಾವಿಬ್ಬರೂ ಒಂದೇ ತೀರ್ಮಾನಕ್ಕೆ ಬಂದೆವು. ಬರೆದವರಿಗೆ ಅವರ ಬರಹದ ಮೇಲೆ ಹಕ್ಕಿದೆ ಎಂದು ವಾದಿಸುವವರು, ಕೆಳಗೆ ಬರೆದವರ ಮಾತನ್ನು ಕೇಳದೆ ಎತ್ತಿಕೊಳ್ಳಲಾಗದು. ಅದಕ್ಕಾಗಿ ಒಬ್ಬೊಬ್ಬರಿಗೂ ಪತ್ರ ಬರೆಯುತ್ತಿದ್ದೇವೆ. ನೀವು ಇಂಥ ದಿನ ಇಂಥ ಮಳೆಯ ಬಗ್ಗೆ ಹೀಗೆ ಬರೆದಿದ್ದಿರಿ, ಅದನ್ನು ನಿಮ್ಮ ಹೆಸರಿನೊಂದಿಗೆ ಹಾಕಬಹುದೇ, ಹೆಸರಿಲ್ಲದೆ ಹಾಕಬಹುದೇ, ಬೇಡವೇ? ಕರಾವಳಿಯ ಮಹಿಳೆ ಪತ್ರೊಡೆಯ ಅಳತೆ ತಿದ್ದಿ ಕಳುಹಿಸಿದರು. ಬಯಲುಸೀಮೆಯವರು ಇನ್ನೂ ನಾಲ್ಕು ಗಾದೆ ಸೇರಿಸಿದರು. ಒಬ್ಬರು ಬೇಡ ಎಂದರು, ಅದನ್ನು ಬಿಟ್ಟೆವು. ದುಬೈಯಲ್ಲಿದ್ದವರು ಈಗ ಊರಿಗೆ ಮರಳಿದ್ದಾರೆ, ಅವರ ಹೊಸ ವಿಳಾಸ ಸಿಕ್ಕಿಲ್ಲ. ಹಾಗಾಗಿ ಗಾದೆಯ ಮೊದಲರ್ಧಕ್ಕೆ ಇನ್ನೂ ಒಪ್ಪಿಗೆ ಬರಬೇಕಿದೆ.